ಸಹಾಯ ಬೇಕು: ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡುವವರು (ಮುಂಬಯಿ ಹತ್ತಿರದ ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ನಮ್ಮ ಬಿಲ್ಡಿಂಗಿನ ಸೊಸೈಟಿ ಆಫೀಸಿನಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುತ್ತಿದ್ದೇನೆ. ಎಲ್ಲರೂ ಮಹಾರಾಷ್ಟ್ರ ಬೋರ್ಡಿನವರು. ಗಣಿತದಲ್ಲಿ ಪಾಸಾಗುವುದೇ ಕಷ್ಟ ಅಂತ ಶಾಲೆಯವರು ಮನೆಯವರಿಗೆ ಹೇಳಿ ಕೈತೊಳೆದುಕೊಂಡಿದ್ದಾರೆ. ಅಪ್ಪಂದಿರು ಹೆಚ್ಚಿನವರು ಹೋಟೆಲ್ ಕೆಲಸದವರು, ಟ್ಯೂಷನ್ ಫೀಸು ಎಲ್ಲಿಂದ ತರಬೇಕು ಹೇಳಿ?

ಮಕ್ಕಳು ದಡ್ಡರಲ್ಲ. ಒಬ್ಬಳು ವರ್ಗ ಸಮೀಕರಣದ ಸೂತ್ರ ಗಡಗಡ ಹೇಳುತ್ತಾಳೆ, ಆದರೆ ಅರ್ಧಕ್ಕೆ ಮೂರನೇ ಒಂದು ಕೂಡಿಸು ಅಂದರೆ ಮೇಲಿನದನ್ನೂ ಕೆಳಗಿನದನ್ನೂ ಕೂಡಿಸಿ 2/5 ಅಂತ ಬರೆಯುತ್ತಾಳೆ. ಅಂದರೆ ತೊಂದರೆ ಇರುವುದು ಆರನೇ, ಏಳನೇ ಕ್ಲಾಸಿನಲ್ಲಿ, ಅಲ್ವಾ? ಅದನ್ನು ಬಿಟ್ಟು ಸುಮ್ನೆ ಗೈಡ್ ಉರು ಹೊಡೆಸಿದರೆ ಏನೂ ಆಗಲ್ಲ.

ಬೀಜಗಣಿತ ನಾನು ನೋಡಿಕೊಳ್ಳುತ್ತೇನೆ. ಭೂಮಿತಿಗೆ (ರೇಖಾಗಣಿತಕ್ಕೆ) ಜನ ಬೇಕು. ಅದೂ 40 ಅಂಕದ ಬೇರೆ ಪೇಪರ್. ಸಮರೂಪ ತ್ರಿಭುಜ, ವೃತ್ತ, ರಚನೆಗಳನ್ನು ಕೈಹಿಡಿದು ಮಾಡಿಸುವವರಾದರೆ ಸಾಕು, ಬಿ.ಎಡ್. ಏನೂ ಬೇಡ, ಕಾಲೇಜಿನವರೂ ಬರಬಹುದು. ಮರಾಠಿ ಗೊತ್ತಿದ್ದರೆ ಇನ್ನೂ ಒಳ್ಳೆಯದು, ಇಬ್ಬರು ಮರಾಠಿ ಮೀಡಿಯಂ. ಹಳೇ ಪ್ರಶ್ನೆಪತ್ರಿಕೆ, ಆರು-ಏಳನೇ ಕ್ಲಾಸಿನ ಬಾಲಭಾರತಿ (ಮಹಾರಾಷ್ಟ್ರದ ಸರ್ಕಾರಿ ಪಠ್ಯ) ಗಣಿತ ಪುಸ್ತಕ, ಕಂಪಾಸು ಬಾಕ್ಸ್ ಮನೆಯಲ್ಲಿ ಬಿದ್ದಿದ್ದರೆ ರದ್ದಿಗೆ ಹಾಕಬೇಡಿ, ನಾನೇ ಬಂದು ಒಯ್ಯುತ್ತೇನೆ, ಠಾಣೆ ಕಲ್ಯಾಣ ಎಲ್ಲಾದರೂ ಸರಿ. ದುಡ್ಡು ಬೇಡ. ಬರುವವರು ಇಲ್ಲೇ ಕೆಳಗೆ ಹೆಸರು ಹಾಕಿ, ಯಾವ ಭಾನುವಾರ ಆಗುತ್ತೆ ಅಂತಲೂ ಬರೆಯಿರಿ.