ಗಸಗಸೆ, ಮುಕ್ಕಾಲು ಟ್ಯಾಂಕ್ ಪೆಟ್ರೋಲ್, ಟಿಶ್ಯೂ ಪ್ಯಾಕೆಟ್: ಸಿಂಗಾಪುರದ ಗೈಡ್ ಅಕ್ಕನಿಗೆ ನಿಮ್ಮ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಡೆಯವಳು. ಸಿಂಗಾಪುರಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು. ಇಲ್ಲಿ ಲೈಸೆನ್ಸ್ ಇರುವ ಟೂರಿಸ್ಟ್ ಗೈಡ್ ಆಗಿ ಕೆಲಸ ಮಾಡುತ್ತೇನೆ. ನಮ್ಮ ಬಳಗದ ಅಡ್ಮಿನ್ ಒತ್ತಾಯಕ್ಕೆ ಈ ಭಾನುವಾರ ಮಧ್ಯಾಹ್ನದ ನಿದ್ದೆ ಬಿಟ್ಟು ಕೂತಿದ್ದೇನೆ, ಕೇಳಿ. ನಾನು ವಕೀಲೆ ಅಲ್ಲ ಅನ್ನುವುದು ಮಾತ್ರ ನೆನಪಿರಲಿ.

ತುಮಕೂರಿನ ಗೃಹಿಣಿ: ಮುಂದಿನ ತಿಂಗಳು ಮಗಳ ಮನೆಗೆ ಬರುತ್ತಿದ್ದೇವಮ್ಮ. ಅಲ್ಲಿ ಚ್ಯೂಯಿಂಗ್ ಗಮ್ ತಿಂದರೆ ಜೈಲಿಗೆ ಹಾಕುತ್ತಾರಂತೆ, ನಿಜಾನಾ?

ಉತ್ತರ: ಅಗಿದರೆ ಜೈಲಿಲ್ಲ ಅಮ್ಮ. ದೇಶದೊಳಗೆ ತರುವುದು ಮತ್ತು ಮಾರುವುದು ತಪ್ಪು. 1987ರಲ್ಲಿ ಇಲ್ಲಿ ಎಂಆರ್‌ಟಿ, ಅಂದರೆ ನಮ್ಮ ಮೆಟ್ರೋ ಥರದ ರೈಲು ಶುರುವಾಯಿತು. ಕೆಲವು ಪುಂಡರು ಬಾಗಿಲಿನ ಸೆನ್ಸರ್‌ಗೆ ಗಮ್ ಅಂಟಿಸಿದರು. ಬಾಗಿಲು ಮುಚ್ಚಲಿಲ್ಲ, ರೈಲು ನಿಂತಿತು. ಅದಕ್ಕೂ ಮುಂಚೆಯೇ ಲಿಫ್ಟ್ ಬಟನ್, ಬೀಗದ ತೂತು ಎಲ್ಲ ಕಡೆ ಗಮ್ಮಿನ ಕಾಟ ಇತ್ತು. 1992ರ ಜನವರಿಯಲ್ಲಿ ನಿಷೇಧ ಬಂತು. 2004ರಲ್ಲಿ ಅಮೆರಿಕದ ಜೊತೆಗಿನ ವ್ಯಾಪಾರ ಒಪ್ಪಂದದಿಂದಾಗಿ ಸ್ವಲ್ಪ ಸಡಿಲವಾಯಿತು. ಸಿಗರೇಟು ಬಿಡಿಸುವ ನಿಕೋಟಿನ್ ಗಮ್, ಹಲ್ಲಿನ ಆರೋಗ್ಯದ ಗಮ್ ಈಗ ಔಷಧಿ ಅಂಗಡಿಯಲ್ಲಿ ಸಿಗುತ್ತವೆ.

ಆದರೆ ನಿಮ್ಮ ಸೂಟ್‌ಕೇಸ್ ವಿಷಯದಲ್ಲಿ ನನಗೆ ಭಯ ಗಮ್ಮಿನದಲ್ಲ, ಗಸಗಸೆಯದು. ಗಸಗಸೆ ಬರುವುದು ಅಫೀಮಿನ ಗಿಡದಿಂದ ತಾನೆ? ಅದರಲ್ಲಿ ಮಾರ್ಫಿನ್‌ನ ಸ್ವಲ್ಪ ಅಂಶ ಇರಬಹುದು. ಅದಕ್ಕೇ ಇಲ್ಲಿನ ಮಾದಕವಸ್ತು ತಡೆ ಇಲಾಖೆ ಅದನ್ನು ಸುಮ್ನೆ ಒಳಗೆ ಬಿಡುವುದಿಲ್ಲ. ನಮ್ಮ ಅತ್ತೆ ಮೊದಲ ಸಲ ಬರುವಾಗ ಅರ್ಧ ಕಿಲೋ ಕಟ್ಟಿಕೊಂಡಿದ್ದರು. ನಾನು ಫೋನಿನಲ್ಲೇ ಗೋಗರೆದು ತೆಗೆಸಿದೆ.

ತುಮಕೂರಿನ ಗೃಹಿಣಿ: ಅಯ್ಯೋ ರಾಮ. ಅಳಿಯನಿಗೆ ಗಸಗಸೆ ಪಾಯಸ ಅಂದರೆ ಪ್ರಾಣ.

ಉತ್ತರ: ಹೆಸರುಬೇಳೆ ಪಾಯಸ ಮಾಡಿ ಹಾಕಿ, ಅಳಿಯ ಬದುಕುತ್ತಾನೆ. ಮನೆಯವರಿಗೂ ಹೇಳಿ: ಗುಟ್ಕಾ, ಜರ್ದಾ, ನಸ್ಯ ಎಲ್ಲವೂ ನಿಷಿದ್ಧ. ಇ-ಸಿಗರೇಟ್ ಜೇಬಿನಲ್ಲಿ ಇಟ್ಟುಕೊಂಡರೂ ಅಪರಾಧ. ಮಾಮೂಲಿ ಸಿಗರೇಟಿಗೆ ಡ್ಯೂಟಿ-ಫ್ರೀ ರಿಯಾಯಿತಿ ಇಲ್ಲ, ಒಂದೇ ಒಂದು ತಂದರೂ ಸುಂಕ ಕಟ್ಟಬೇಕು. ಕೋಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಇಟ್ಟುಕೊಳ್ಳಿ, ಅನುಮತಿ ಬೇಕಾ ಅಂತ ಮುಂಚೆಯೇ ವಿಚಾರಿಸಲು ಮಗಳಿಗೆ ಹೇಳಿ.

ಹುಬ್ಬಳ್ಳಿಯ ಮೇಷ್ಟ್ರು: ಒಂದು ಸಣ್ಣ ದ್ವೀಪಕ್ಕೆ ಇಷ್ಟೊಂದು ಕಟ್ಟುಪಾಡು ಯಾಕ್ರೀ? ಜನರ ಮೇಲೆ ನಂಬಿಕೆ ಇಲ್ಲವೇ?

ಉತ್ತರ: ಸರ್, ಇಲ್ಲಿ ದಂಡದ ಪಟ್ಟಿಯನ್ನೇ ಟೀ-ಶರ್ಟ್ ಮೇಲೆ ಅಚ್ಚು ಹಾಕಿಸಿ ಟೂರಿಸ್ಟರಿಗೆ ಮಾರುತ್ತಾರೆ. ಅದನ್ನು ನೋಡಿ ನಗುವುದು ಸುಲಭ. ನಾನು ನನ್ನ ಗುಂಪಿನವರಿಗೆ ಹೇಳುವುದು ಇಷ್ಟೇ: ಯಾವ ಕಾನೂನು ವಿಚಿತ್ರ ಅನಿಸಿದರೂ ಅದರ ಹಿಂದೆ ಯಾವ ಕೊರತೆ ಇದೆ ಅಂತ ಹುಡುಕಿ. ಜಾಗದ ಕೊರತೆ ಇರುತ್ತದೆ, ಇಲ್ಲ ನೀರಿನದು. ಎರಡೂ ಅಲ್ಲದಿದ್ದರೆ ಮತ್ತೆ ಜನಾಂಗದ ಗಲಾಟೆ ಆದೀತು ಅನ್ನುವ ಹೆದರಿಕೆ.

ಈ ದೇಶ ಬೇಕು ಅಂತ ಹುಟ್ಟಿದ್ದಲ್ಲ. 1963ರಲ್ಲಿ ಮಲೇಷ್ಯಾದ ಜೊತೆ ಸೇರಿತು. 1964ರ ಜುಲೈ 21ರಂದು, ಪ್ರವಾದಿಯವರ ಜನ್ಮದಿನದ ಮೆರವಣಿಗೆಯ ಹೊತ್ತಿನಲ್ಲಿ ಮಲಯರಿಗೂ ಚೀನೀಯರಿಗೂ ಹೊಡೆದಾಟವಾಗಿ ಜನ ಸತ್ತರು. ರಾಜಕೀಯದ ಜಗಳವೂ ಮುಗಿಯಲಿಲ್ಲ. 1965ರ ಆಗಸ್ಟ್ 9ರಂದು ಮಲೇಷ್ಯಾ ಇವರನ್ನು ಹೊರಗೆ ಕಳಿಸಿತು. ಪ್ರಧಾನಿ ಲೀ ಕುವಾನ್ ಯೂ ಟಿವಿ ಕ್ಯಾಮೆರಾ ಮುಂದೆಯೇ ಅತ್ತರು. ಆಸ್ತಿ ಪಾಲಾಗುವ ಮೊದಲೇ ಮನೆಯಿಂದ ಹೊರಗೆ ಹಾಕಿದ ಮಗನ ಥರ. ಕುಡಿಯುವ ನೀರೂ ಆಚೆ ಮನೆಯವರದೇ.

ಬೆಂಗಳೂರಿನ ಕಾರ್‌ಪ್ರೇಮಿ: ಕಾರಿಗೆ ಪೆಟ್ರೋಲ್ ತುಂಬಿಸದೆ ಗಡಿ ದಾಟುವಂತಿಲ್ಲ ಅಂತ ಎಲ್ಲೋ ಓದಿದೆ. ಜೋಕ್ ಅಲ್ವಾ?

ಉತ್ತರ: ಜೋಕ್ ಅಲ್ಲ. ಸಿಂಗಾಪುರದ ಕಾರು ಮಲೇಷ್ಯಾಕ್ಕೆ ಹೊರಟರೆ ಟ್ಯಾಂಕ್ ಕನಿಷ್ಠ ಮುಕ್ಕಾಲು ತುಂಬಿರಬೇಕು. ಗಡಿ ಸೇತುವೆಯ ಆಚೆ ಮಲೇಷ್ಯಾದ ಜೋಹೋರ್ ರಾಜ್ಯದಲ್ಲಿ ಪೆಟ್ರೋಲ್ ತುಂಬಾ ಅಗ್ಗ. ಎಲ್ಲರೂ ಅಲ್ಲಿಗೇ ಹೋಗಿ ತುಂಬಿಸಿಕೊಂಡು ಬಂದರೆ ಇಲ್ಲಿನ ತೆರಿಗೆ ಖೋತಾ, ಕಾರು ಓಡಿಸುವುದೂ ಅಗ್ಗವಾಗುತ್ತದೆ. ಮೊದಲು ಅರ್ಧ ಟ್ಯಾಂಕ್ ಅಂತ ಇದ್ದದ್ದನ್ನು 1991ರಲ್ಲಿ ಮುಕ್ಕಾಲು ಮಾಡಿದರು.

ಕಾರು ಕೊಳ್ಳುವ ಕಥೆ ಇನ್ನೂ ದೊಡ್ಡದು. 1990ರಿಂದ ಕಾರಿನ ಜೊತೆ ಸಿಒಇ ಅನ್ನುವ ಹಕ್ಕುಪತ್ರ ಹರಾಜಿನಲ್ಲಿ ಕೊಳ್ಳಬೇಕು. ಆಯುಸ್ಸು ಹತ್ತೇ ವರ್ಷ. ಈ ಕಾಗದದ ಬೆಲೆ ಒಂದು ಲಕ್ಷ ಸಿಂಗಾಪುರ ಡಾಲರ್ ದಾಟಿದ್ದೂ ಇದೆ. ಕಾರಿನ ಬೆಲೆ ಬೇರೆ. ನಾನು ಬಸ್ಸಿನಲ್ಲೇ ಓಡಾಡುತ್ತೇನೆ.

ಕೋಲಾರದ ರೈತ: ನೀರು ಬೇರೆಯವರದು ಅಂದಿರಲ್ಲ, ಈಗಲೂ ಹಾಗೇನಾ? ಚರಂಡಿ ನೀರು ಶುದ್ಧ ಮಾಡಿ ಕುಡಿಯುತ್ತಾರೆ ಅಂತಾರೆ.

ಉತ್ತರ: ಎರಡೂ ನಿಜ ಅಣ್ಣ. 1962ರ ಒಪ್ಪಂದದಂತೆ ಜೋಹೋರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್ ವರೆಗೆ ನೀರು ತರಬಹುದು. ಬೆಲೆ ಸಾವಿರ ಗ್ಯಾಲನ್‌ಗೆ ಮಲೇಷ್ಯಾದ 3 ಸೆನ್, ಅಂದರೆ ಅಲ್ಲಿನ ಮೂರು ಪೈಸೆ. ಮಲೇಷ್ಯಾದವರು ಇದು ಅನ್ಯಾಯ ಅಂತ ಆಗಾಗ ತಕರಾರು ತೆಗೆಯುತ್ತಾರೆ. ಒಪ್ಪಂದ ಮುಗಿಯುವುದು 2061ರಲ್ಲಿ. ಅಷ್ಟರೊಳಗೆ ತಮ್ಮ ಕಾಲ ಮೇಲೆ ನಿಲ್ಲಬೇಕು ಅಂತ ಇವರು ಮಳೆನೀರು ಹಿಡಿದರು, ಸಮುದ್ರದ ನೀರಿನ ಉಪ್ಪು ತೆಗೆದರು. ಬಳಸಿದ ನೀರನ್ನೂ ಬಿಡಲಿಲ್ಲ. ಅದನ್ನು ಸೋಸಿ, ರಿವರ್ಸ್ ಆಸ್ಮೋಸಿಸ್‌ಗೆ ಹಾಕಿ, ಕೊನೆಗೆ ನೇರಳಾತೀತ ಬೆಳಕು ಹಾಯಿಸುತ್ತಾರೆ. ಹೆಸರು ನ್ಯೂವಾಟರ್. 2002ರ ರಾಷ್ಟ್ರೀಯ ದಿನದಂದು ಇದರ ಬಾಟಲಿ ಹಂಚಿ ಜನರ ಅಸಹ್ಯ ಕಳೆದರು. ಹೆಚ್ಚಿನ ಪಾಲು ಹೋಗುವುದು ಕಾರ್ಖಾನೆಗಳಿಗೆ, ಅದರಲ್ಲೂ ಚಿಪ್ ತಯಾರಿಸುವ ಕಡೆಗೆ. ಮಳೆ ಕಮ್ಮಿಯಾದಾಗ ಸ್ವಲ್ಪ ಭಾಗವನ್ನು ಜಲಾಶಯಕ್ಕೂ ಬಿಡುತ್ತಾರೆ. ನಾನು ಕುಡಿದಿದ್ದೇನೆ. ರುಚಿಯೇ ಇಲ್ಲ, ಅದೇ ದೂರು.

ಐಟಿ ಕೆಲಸದ ಹುಡುಗ: ಅಕ್ಕಾ, ಕೆಲಸದ ಆಫರ್ ಬಂದಿದೆ. ಮನೆ ಕೊಳ್ಳುವಾಗ ಜಾತಿ ಕೇಳುತ್ತಾರಂತೆ?

ಉತ್ತರ: ಜಾತಿ ಅಲ್ಲ, ಜನಾಂಗ. ಹತ್ತರಲ್ಲಿ ಸುಮಾರು ಎಂಟು ಜನ ವಾಸಿಸುವುದು ಎಚ್‌ಡಿಬಿ ಅನ್ನುವ ಸರ್ಕಾರಿ ಮಂಡಳಿ ಕಟ್ಟಿದ ಫ್ಲ್ಯಾಟುಗಳಲ್ಲಿ. ಕೊಂಡರೂ ಅದು ನಿಮ್ಮದಾಗುವುದು 99 ವರ್ಷದ ಗುತ್ತಿಗೆಗೆ. 1989ರಿಂದ ಪ್ರತಿ ಬ್ಲಾಕಿಗೂ ಮಿತಿ ಇದೆ. ಚೀನೀಯರು ಶೇಕಡಾ 87, ಮಲಯರು 25, ಭಾರತೀಯರು ಮತ್ತು ಇತರರು ಸೇರಿ 15 ಮೀರುವಂತಿಲ್ಲ. ಒಂದೇ ಜನಾಂಗದ ಕೇರಿ ಆಗಬಾರದು, 1964 ಮರುಕಳಿಸಬಾರದು ಅನ್ನುವ ಲೆಕ್ಕ.

ಇದರಲ್ಲಿ ಒಂದು ಕಹಿ ಇದೆ. ಬ್ಲಾಕಿನಲ್ಲಿ ಚೀನೀಯರ ಪಾಲು ತುಂಬಿದ್ದರೆ ಭಾರತೀಯ ಮಾಲೀಕ ತನ್ನ ಮನೆಯನ್ನು ಚೀನೀಯರಿಗೆ ಮಾರುವಂತಿಲ್ಲ. ಕೊಳ್ಳುವವರು ಕಮ್ಮಿ, ಹಾಗಾಗಿ ಬೆಲೆಯೂ ಕಮ್ಮಿ. ನೀತಿ ಎಲ್ಲರಿಗೂ ಒಂದೇ, ಆದರೆ ಪೆಟ್ಟು ಬೀಳುವುದು ಅಲ್ಪಸಂಖ್ಯಾತರಿಗೇ ಜಾಸ್ತಿ. ಆದರೂ ನನಗೆ ಈ ವ್ಯವಸ್ಥೆ ಇಷ್ಟ. ನಮ್ಮ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ ಅನ್ನುವ ಖಾಲಿ ಜಾಗವಿದೆ. ಈ ವಾರ ಮಲಯರ ಮದುವೆ, ಮುಂದಿನ ವಾರ ಅಲ್ಲೇ ಚೀನೀ ಅಜ್ಜನ ಶವಸಂಸ್ಕಾರ. ಬೇಡ ಅಂದರೂ ಒಬ್ಬರ ಬದುಕು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.

ನಿನಗೆ ಇದಕ್ಕಿಂತ ಮುಖ್ಯವಾದದ್ದು ಹೇಳುತ್ತೇನೆ ಕೇಳು. ಪಿಆರ್, ಅಂದರೆ ಕಾಯಂ ನಿವಾಸಿ ಹಕ್ಕು ತೆಗೆದುಕೊಂಡು ಮಗನಿಗೂ ಕೊಡಿಸಿದರೆ ಅವನು ಎರಡು ವರ್ಷ ಸೇನಾ ತರಬೇತಿಗೆ ಹೋಗಲೇಬೇಕು. 1967ರಿಂದ ಇರುವ ಕಾನೂನು. ಶಾಲೆಯಲ್ಲಿ ಮಾತೃಭಾಷೆ ಅಂತ ತಮಿಳು, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ. ಕನ್ನಡ ಇಲ್ಲ. ಮನೆಯಲ್ಲೇ ಕಲಿಸಬೇಕು.

ಮಂಗಳೂರಿನ ಹುಡುಗ: ಮನೆಯೊಳಗೆ ಬಟ್ಟೆ ಇಲ್ಲದೆ ಓಡಾಡಿದರೂ ದಂಡವಂತೆ 😄

ಉತ್ತರ: ಹೊರಗಿನವರಿಗೆ ಕಂಡರೆ ಮಾತ್ರ. ಎದುರು ಬ್ಲಾಕ್ ಹತ್ತಿರವೇ ಇರುತ್ತದೆ ಮಾರಾಯ, ಪರದೆ ಎಳೆದುಕೋ.

ಇತಿಹಾಸದ ವಿದ್ಯಾರ್ಥಿನಿ, ಧಾರವಾಡ: ಮೇಡಂ, ಭಾರತೀಯರು ಅಲ್ಲಿಗೆ ಹೋಗಿದ್ದು ಬರೀ ಕೂಲಿಗಳಾಗಿಯಾ?

ಉತ್ತರ: ಇಷ್ಟು ಹೊತ್ತು ಈ ಪ್ರಶ್ನೆಗೇ ಕಾಯುತ್ತಿದ್ದೆ! ಕೂಲಿಗಳು, ವ್ಯಾಪಾರಿಗಳು, ಸಿಪಾಯಿಗಳು ಎಲ್ಲ ಬಂದರು. ಆದರೆ ಹಳೆಯ ಸಿಂಗಾಪುರದ ಕಲ್ಲು-ಗಾರೆ ಕೆಲಸದಲ್ಲಿ ದೊಡ್ಡ ಪಾಲು ಕೈದಿಗಳದು. 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ರಾಫಲ್ಸ್ ಇಲ್ಲಿ ಬ್ರಿಟಿಷ್ ಠಾಣೆ ಹಾಕಿದ. ಭಾರತದಲ್ಲಿ ಶಿಕ್ಷೆಯಾದವರನ್ನು ಸುಮಾತ್ರದ ಬೆಂಕೂಲನ್‌ಗೆ ಗಡೀಪಾರು ಮಾಡುತ್ತಿದ್ದರು. 1824ರಲ್ಲಿ ಆ ಊರು ಡಚ್ಚರ ಪಾಲಾಯಿತು. ಮರುವರ್ಷದಿಂದ ಕೈದಿಗಳನ್ನು ಇಲ್ಲಿಗೆ ಸಾಗಿಸಿದರು. ಕರಿನೀರು ಅಂದರೆ ನಮಗೆ ಅಂಡಮಾನ್ ಮಾತ್ರ ನೆನಪು. ಅದಕ್ಕೂ ಮೊದಲು ಕರಿನೀರು ಅಂದರೆ ಇದೇ ಸಿಂಗಾಪುರವೂ ಆಗಿತ್ತು.

ಅವರು ಕಾಡು ಕಡಿದರು, ರಸ್ತೆ ಹಾಕಿದರು, ಇಟ್ಟಿಗೆ ಸುಟ್ಟರು. ಇವತ್ತಿನ ರಾಷ್ಟ್ರಪತಿ ಭವನ ಇಸ್ತಾನಾವನ್ನು 1869ರಲ್ಲಿ ಕಟ್ಟಿ ಮುಗಿಸಿದ್ದು ಅವರೇ. ಸೇಂಟ್ ಆಂಡ್ರ್ಯೂಸ್ ಕ್ಯಾಥೆಡ್ರಲ್‌ಗೆ ಹೋದರೆ ನಾನು ಮೊದಲು ಗೋಡೆ ಮುಟ್ಟಿ ನೋಡಿ ಅನ್ನುತ್ತೇನೆ. ಚಿಪ್ಪಿನ ಸುಣ್ಣ, ಮೊಟ್ಟೆಯ ಬಿಳಿ, ಬೆಲ್ಲ, ತೆಂಗಿನ ಸಿಪ್ಪೆ ನೆನೆಸಿದ ನೀರು, ಇವನ್ನು ಸೇರಿಸಿ ಅರೆದು ಬಳಿದ ಗಾರೆ ಅದು. ಒಣಗಿದ ಮೇಲೆ ಕಲ್ಲಿನಿಂದ ತಿಕ್ಕಿ ತಿಕ್ಕಿ ಹೊಳಪು ತಂದರು. ನಮ್ಮ ಅಜ್ಜನ ಮನೆಯ ಗಾರೆಯ ಕಥೆಯೂ ಇದೇ ಅಲ್ವಾ? ಇನ್ನೊಂದು ಸೋಜಿಗ: ಕೈದಿಗಳನ್ನು ಕಾಯುತ್ತಿದ್ದವರೂ ಬಡ್ತಿ ಪಡೆದ ಕೈದಿಗಳೇ. 1873ರಲ್ಲಿ ಈ ಕೈದಿಗಳ ಜೈಲು ಮುಚ್ಚಿತು. ಬಿಡುಗಡೆಯಾದವರಲ್ಲಿ ಎಷ್ಟೋ ಜನ ಇಲ್ಲೇ ಸಂಸಾರ ಹೂಡಿದರು.

ಸುಭಾಷರು 1943ರ ಅಕ್ಟೋಬರ್ 21ರಂದು ಆಜಾದ್ ಹಿಂದ್ ಸರ್ಕಾರ ಘೋಷಿಸಿದ್ದು ಇಲ್ಲಿನ ಕ್ಯಾಥೇ ಕಟ್ಟಡದಲ್ಲಿ. ಆಗ ಊರು ಜಪಾನೀಯರ ಕೈಯಲ್ಲಿತ್ತು, ಹೆಸರೂ ಸ್ಯೋನಾನ್ ಅಂತ ಬದಲಾಗಿತ್ತು.

ಮೈಸೂರಿನ ಕಾಫಿಪ್ರಿಯ: ಅಲ್ಲಿ ಒಳ್ಳೆ ಕಾಫಿ ಸಿಗುತ್ತದಾ?

ಉತ್ತರ: ಫಿಲ್ಟರ್ ಕಾಫಿ ಕನಸು ಬಿಡಿ. ಹಾಕರ್ ಸೆಂಟರ್‌ಗೆ ಹೋಗಿ, ಅಂದರೆ ಬೀದಿಬದಿ ಅಂಗಡಿಗಳನ್ನೆಲ್ಲ ಒಂದು ಸೂರಿನಡಿ ತಂದ ಜಾಗ. ಅಲ್ಲಿ ಕೋಪಿ ಕೇಳಿ. ಬೀಜವನ್ನು ಸಕ್ಕರೆ, ಮಾರ್ಗರಿನ್ ಹಾಕಿ ಕಪ್ಪಗೆ ಹುರಿದಿರುತ್ತಾರೆ. ಸುಮ್ನೆ ‘ಕೋಪಿ’ ಅಂದರೆ ಮಂದ ಸಿಹಿ ಹಾಲು ಬೀಳುತ್ತದೆ. ‘ಕೋಪಿ ಓ’ ಅಂದರೆ ಹಾಲಿಲ್ಲ. ‘ಕೋಸೊಂಗ್’ ಸೇರಿಸಿದರೆ ಸಕ್ಕರೆಯೂ ಇಲ್ಲ. ಅದು ಮಲಯ ಮಾತು, ‘ಸೊನ್ನೆ’ ಅಂತ ಅರ್ಥ. ಅಂಗಡಿಯವರನ್ನು ಅಂಕಲ್, ಆಂಟಿ ಅಂತಲೇ ಕರೆಯಬೇಕು, ಥೇಟ್ ನಮ್ಮ ಹಾಗೆ.

ಖಾಲಿ ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಕಂಡರೆ ಕೂರಬೇಡಿ. ಅದು ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ಇದಕ್ಕೆ ‘ಚೋಪ್’ ಅನ್ನುತ್ತಾರೆ. ಯಾವ ಕಾನೂನೂ ಇಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ತಟ್ಟೆ ಎತ್ತಿಡುವುದಕ್ಕೆ ಮಾತ್ರ 2021ರಿಂದ ನಿಯಮ ಬಂದಿದೆ. ಮೊದಲ ಸಲ ಎಚ್ಚರಿಕೆ, ಆಮೇಲೆ 300 ಡಾಲರ್.

ಹಾಸನದಿಂದ: ದೀಪಾವಳಿಗೆ ಪಟಾಕಿ ಹೊಡೆಯಬಹುದಾ? ಮೊಮ್ಮಕ್ಕಳು ಕೇಳುತ್ತಿವೆ.

ಉತ್ತರ: ದೀಪಾವಳಿಗೆ ದೇಶಕ್ಕೆಲ್ಲ ರಜೆ, ಪಟಾಕಿಗೆ ನಿಷೇಧ. 1972ರಿಂದಲೇ. ಚೀನೀ ಹೊಸ ವರ್ಷಕ್ಕೂ ಅದೇ ನಿಯಮ.

ಮೊಮ್ಮಕ್ಕಳನ್ನು ಚೀನೀಯರ ಏಳನೇ ತಿಂಗಳಲ್ಲಿ ಕರೆದುಕೊಂಡು ಬನ್ನಿ, ಹೆಚ್ಚುಕಡಿಮೆ ಆಗಸ್ಟ್. ನಮ್ಮ ಪಿತೃಪಕ್ಷದ ಹಾಗೆ, ಸತ್ತವರು ಮನೆಗೆ ಬರುವ ಕಾಲ. ಅವರಿಗಾಗಿ ಬಯಲಿನಲ್ಲಿ ಹಾಡು, ಕುಣಿತ ಇರುತ್ತದೆ. ಮುಂದಿನ ಸಾಲಿನ ಕುರ್ಚಿಗಳು ಖಾಲಿ. ಅಲ್ಲಿ ಕೂತೀರಿ ಜೋಕೆ, ಅವು ದೆವ್ವಗಳಿಗೆ ಮೀಸಲು! ನನ್ನ ಗುಂಪಿನ ಒಬ್ಬರು ಕಾಲು ನೋವು ಅಂತ ಕೂತೇಬಿಟ್ಟಿದ್ದರು. ಒಬ್ಬ ಅಜ್ಜಿ ಓಡಿಬಂದು ಎಬ್ಬಿಸಿದಳು.

ತುಮಕೂರಿನ ಗೃಹಿಣಿ: ಇನ್ನೊಂದೇ ಪ್ರಶ್ನೆ ಅಮ್ಮ. ಬಿಸಿಬೇಳೆಬಾತ್ ಪುಡಿ, ಚಟ್ನಿಪುಡಿ ತರಬಹುದು ತಾನೆ?

ಉತ್ತರ: ಬಿಸಿಬೇಳೆಬಾತ್ ಪುಡಿಗೆ ಗಸಗಸೆ ಹಾಕಿದ್ದೀರಾ?

ತುಮಕೂರಿನ ಗೃಹಿಣಿ: ಹಾಕದೇ ಇರುತ್ತೀನಾ! ಎರಡು ಚಮಚ ಹುರಿದು ಹಾಕಿದ್ದೀನಿ.

ಉತ್ತರ: ಹಾಗಾದರೆ ಅದನ್ನು ಪಕ್ಕದ ಮನೆಯವರಿಗೆ ಕೊಟ್ಟು ಬನ್ನಿ. ಚಟ್ನಿಪುಡಿ ತನ್ನಿ, ನನಗೂ ಒಂದು ಡಬ್ಬಿ.