ಅಪ್‌ಡೇಟ್: ಟರ್ಕಿ ಬೇಟೆಗೆ ಕೊನೆಗೂ ಸ್ಲೇಟ್ ಕಾಲ್

ಅಮೆರಿಕದಲ್ಲಿ ವಸಂತದ ಟರ್ಕಿ ಕೋಳಿ ಬೇಟೆಗೆ ಯಾವ ಕಾಲ್ (ಹೆಣ್ಣು ಟರ್ಕಿಯ ದನಿ ಹೊರಡಿಸಿ ಗಂಡನ್ನು ಕರೆಯುವ ಸಾಧನ) ಒಳ್ಳೆಯದು, ಮರದ ಡಬ್ಬಿಯಂಥ ಬಾಕ್ಸೋ, ಸ್ಲೇಟೋ, ಗ್ಲಾಸೋ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಸ್ಲೇಟ್ ಪಾಟ್ ಕಾಲ್ (ದುಂಡನೆಯ ಪುಟ್ಟ ಬಟ್ಟಲಿಗೆ ಕಲ್ಲಿನ ಬಿಲ್ಲೆ ಕೂರಿಸಿದ್ದು) ಮತ್ತು ಅದನ್ನು ತೀಡಲು ಹಿಕರಿ ಮರದ ಕಡ್ಡಿ ತಗೊಂಡೆ. ನಾವು ಬಳಪದಲ್ಲಿ ಬರೆಯುತ್ತಿದ್ದ ಸ್ಲೇಟಿನದೇ ಜಾತಿಯ ಕಲ್ಲು. ದನಿ ಮೆದು, ಹಕ್ಕಿ ಹತ್ತಿರ ಬಂದಾಗ ಇದೇ ಸರಿ. ಗಾಳಿ ಜೋರಿದ್ದರೆ ಮಾತ್ರ ಗ್ಲಾಸ್ ಬೇಕು, ಅದರ ದನಿ ದೂರ ಹೋಗುತ್ತೆ.

ಮೊದಲು ದನಿಯೇ ಹೊರಡುತ್ತಿರಲಿಲ್ಲ. ಕಾರಣ ಎರಡು. ಒಂದು, ಬೆರಳಿನ ಜಿಡ್ಡು ಕಲ್ಲಿಗೆ ತಗುಲಿ ಕಡ್ಡಿ ಜಾರುತ್ತಿತ್ತು. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್‌ನಿಂದ ಒಂದೇ ದಿಕ್ಕಿಗೆ ಉಜ್ಜಿ, ಆ ಗೀರುಗಳಿಗೆ ಅಡ್ಡಲಾಗಿ ಕಡ್ಡಿ ಎಳೆಯಬೇಕು. (ಗ್ಲಾಸಿಗೆ ಇದು ಸಾಲದು, ಒರಟು ಮರಳು ಕಾಗದ ಬೇಕು.) ಎರಡು, ಕಾಲ್‌ನ ತಳದಲ್ಲಿ ದನಿ ಹೊರಡುವ ತೂತುಗಳನ್ನು ನನ್ನ ಅಂಗೈ ಮುಚ್ಚಿತ್ತು. ಬೆರಳ ತುದಿಗಳಲ್ಲಷ್ಟೇ ಹಿಡಿದ ತಕ್ಷಣ ದನಿ ಬಿಚ್ಚಿಕೊಂಡಿತು.

ಕಡ್ಡಿಯನ್ನು ಪೆನ್ಸಿಲಿನಂತೆ ಓರೆಯಾಗಿ ಹಿಡಿದು, ಅಂಚಿನ ಹತ್ತಿರ ಪುಟ್ಟ ಮೊಟ್ಟೆಯಾಕಾರ ತೀಡಿದರೆ ಯೆಲ್ಪ್ (ಹೆಣ್ಣು ಟರ್ಕಿ ಕರೆಯುವ ಕೂಗು). ತುದಿ ಕಲ್ಲು ಬಿಟ್ಟು ಏಳಲೇಬಾರದು. ಹಗುರವಾಗಿ, ನಿಧಾನ ಎಳೆದರೆ ಪರ್ (ಅದರ ಮೆಲ್ಲನೆಯ ಗುರುಗುಟ್ಟು). ಚಿಕ್ಕದಾಗಿ ಒಮ್ಮೆ ಜಗ್ಗಿದರೆ ಕ್ಲಕ್ (ಒಂದೇ ಒಂದು ಚುಟುಕು ದನಿ).

ಮಳೆಯಲ್ಲಿ ಸ್ಲೇಟೂ ಮರದ ಕಡ್ಡಿಯೂ ಸುಮ್ಮನಾಗುತ್ತವೆ. ಅದಕ್ಕೇ ಜಿಪ್ ಕವರಿನಲ್ಲಿ ಒಂದು ಗ್ಲಾಸ್ ಕಾಲ್, ಜೊತೆಗೆ ನೀರು ಹೀರದ ಕಾರ್ಬನ್ ಕಡ್ಡಿ ಇಟ್ಟಿದ್ದೇನೆ.