ಮನೆ ತುಂಬ ಆಟಿಕೆ ಇರುವ ಹುಡುಗರಿಗೆ ಕಡಿಮೆ ಖರ್ಚಿನಲ್ಲಿ ಏನು ಕೊಡಬಹುದು? ಅನುಭವ ತಿಳಿಸಿ

ಚಿಕ್ಕಮ್ಮ (ಕೇಳಿದವರು):
ಅಕ್ಕನಿಗೆ ಇಬ್ಬರು ಗಂಡುಮಕ್ಕಳು, ಒಬ್ಬನಿಗೆ ಐದು ವರ್ಷ, ಇನ್ನೊಬ್ಬನಿಗೆ ಎಂಟು. ಇಬ್ಬರ ಹುಟ್ಟುಹಬ್ಬವೂ ಒಂದೇ ತಿಂಗಳಲ್ಲಿ ಬರುತ್ತದೆ. ಕಾರು, ಬ್ಲಾಕ್ಸ್, ಡೈನೊಸಾರ್, ರಿಮೋಟ್ ಗಾಡಿ ಎಲ್ಲವೂ ಇವೆ, ಇಡಲು ಜಾಗವಿಲ್ಲ. ನನ್ನ ಕೈಯಲ್ಲಿ ಹೆಚ್ಚು ಹಣವಿಲ್ಲ, ಕೊಟ್ಟದ್ದು ಮರುದಿನವೇ ಮೂಲೆ ಸೇರುವುದೂ ಬೇಡ. ಅನುಭವ ಇರುವವರು ದಯವಿಟ್ಟು ಹೇಳಿ.

ಇಬ್ಬರು ಹುಡುಗರ ಅಪ್ಪ:
ಸೆಲ್ ಹಾಕಬೇಕಾದ ಯಾವುದನ್ನೂ ಕೊಡಬೇಡಿ. ನನ್ನ ಮಕ್ಕಳಿಗೆ ಅವರ ದೊಡ್ಡಪ್ಪ ರಿಮೋಟ್ ಕಾರು ಕೊಟ್ಟರು. ಅವರಿಗೆ ಅದು ಒಂದು ಸಲದ ಖರ್ಚು, ನಮಗೆ ತೀರದ ಕಂತು. ಕಾರಿಗೆ ನಾಲ್ಕು ಪೆನ್ಸಿಲ್ ಸೆಲ್, ರಿಮೋಟಿಗೆ ಎರಡು. ಪೆಟ್ಟಿಗೆಯಲ್ಲಿ ಒಂದೂ ಇರಲಿಲ್ಲ. ಹೊಸ ಸೆಲ್ ಹಾಕಿದರೆ ವಾರ ಕಳೆಯುವುದರೊಳಗೆ ಕಾರು ತೆವಳಲು ಶುರು. ಆಮೇಲೆ ಚಕ್ರದ ಕಂಬಿಗೆ ನೆಲದ ಕೂದಲು, ದಾರ ಎಲ್ಲ ಸುತ್ತಿಕೊಂಡು ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಸವೆಯಿತು. ರಿಪೇರಿಯವನು ಕೇಳಿದ ಹಣಕ್ಕೆ ಹೊಸ ಕಾರೇ ಬರುತ್ತಿತ್ತು. ಇಷ್ಟರ ಮೇಲೆ ಇಬ್ಬರಿಗೆ ಒಂದೇ ರಿಮೋಟ್! ಆ ಜಗಳ ಬಿಡಿಸುವುದರಲ್ಲೇ ನನ್ನ ಭಾನುವಾರಗಳು ಹೋದವು.

ನಾನು ಕೊಡುವುದಾದರೆ ಚೆಂಡಿಗೆ ಗಾಳಿ ತುಂಬುವ ಪಂಪು, ಜೊತೆಗೆ ಎರಡು ಸೂಜಿ. ಚೆಂಡು ಬೇಡ. ಮಂಚದ ಕೆಳಗೆ ಗಾಳಿ ಹೋದ ಚೆಂಡುಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಸೂಜಿಯನ್ನು ಒದ್ದೆ ಮಾಡಿಯೇ ಚುಚ್ಚಬೇಕು, ಒಣಗಿದ್ದನ್ನು ತುರುಕಿದರೆ ವಾಲ್ವ್ ಹರಿಯುತ್ತದೆ. ನಮ್ಮ ದೊಡ್ಡವನು ಈಗ ಬೀದಿಯ ಮಕ್ಕಳ ಚೆಂಡುಗಳಿಗೆಲ್ಲ ಗಾಳಿ ತುಂಬಿಕೊಡುತ್ತಾನೆ. ಆ ಗತ್ತು ಯಾವ ರಿಮೋಟ್ ಕಾರಿನಿಂದಲೂ ಬರಲಿಲ್ಲ.

ಸೋದರಮಾವ:
ಹುಡುಗರಿಗೆ ನಿಜವಾದ ಉಪಕರಣ ಕೊಡಿ, ಆಟಿಕೆಯ ಉಪಕರಣ ಅಲ್ಲ. ಪ್ಲಾಸ್ಟಿಕ್ ಸುತ್ತಿಗೆಯಿಂದ ಒಂದು ಮೊಳೆಯೂ ಇಳಿಯುವುದಿಲ್ಲ, ಅದು ಮಗುವಿಗೂ ಗೊತ್ತು. ನನ್ನ ಅಳಿಯನಿಗೆ ಆರು ತುಂಬಿದಾಗ ಮೂರು ಮೀಟರಿನ ಟೇಪು, ಗಿಡ್ಡ ಹಿಡಿಯ ಸ್ಕ್ರೂಡ್ರೈವರ್, ಒಂದು ಟಾರ್ಚು, ಕೆಟ್ಟು ನಿಂತ ಮುಳ್ಳಿನ ಗಡಿಯಾರ ಇಷ್ಟನ್ನು ತಗಡಿನ ಡಬ್ಬಿಗೆ ಹಾಕಿ, ಮೇಲೆ ಅವನ ಹೆಸರು ಬರೆದು ಕೊಟ್ಟೆ. ಗಡಿಯಾರಕ್ಕೆ ಖರ್ಚೇ ಇಲ್ಲ. ಅದನ್ನು ಬಿಚ್ಚಿ ಹಲ್ಲುಚಕ್ರಗಳನ್ನು ಹೊರಗೆ ಜೋಡಿಸಿಟ್ಟ. ಟೇಪು ಹಿಡಿದು ಬಾಗಿಲು, ಅಜ್ಜನ ಕೋಲು, ನಾಯಿಯ ಬಾಲ ಎಲ್ಲ ಅಳೆದು ಪುಸ್ತಕದಲ್ಲಿ ಬರೆದ. ನಾಯಿ ಕದಲಿದ್ದರಿಂದ ಬಾಲಕ್ಕೆ ಎರಡು ಅಳತೆ ಬರೆದಿದ್ದಾನೆ, ಎರಡನ್ನೂ ಹಾಗೆಯೇ ಉಳಿಸಿಕೊಂಡಿದ್ದಾನೆ. ಈಗ ಮನೆಯಲ್ಲಿ ಕುರ್ಚಿಯ ಸ್ಕ್ರೂ ಸಡಿಲವಾದರೆ ಅವನನ್ನೇ ಕರೆಯುತ್ತಾರೆ.

ಎರಡನೇ ತರಗತಿಯವನ ತಾಯಿ:
ಕೊಟ್ಟು ಹೋಗುವವರು ನೀವು, ಅನುಭವಿಸುವವರು ನಾವು. ನನ್ನ ತಮ್ಮನೂ ಹೀಗೆಯೇ ಉಪಕರಣದ ಡಬ್ಬಿ ಕೊಟ್ಟ. ನನ್ನ ಮಗ ಮೊದಲು ಬಿಚ್ಚಿದ್ದು ಹಾಡುವ ಗೊಂಬೆಯನ್ನು. ಒಳಗಿದ್ದ ಗುಂಡಿ ಸೆಲ್ ಉರುಳಿ ಸೋಫಾದ ಕೆಳಗೆ ಹೋಯಿತು, ಮನೆಯಲ್ಲಿ ತೆವಳುವ ಕೂಸು ಬೇರೆ ಇತ್ತು. ಆ ಸೆಲ್ ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟು ಗಾಯವಾಗಬಹುದು, ಗೊತ್ತೇ? ಪುಟ್ಟ ಅಯಸ್ಕಾಂತಗಳೂ ಅಷ್ಟೇ. ಎರಡು ನುಂಗಿದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದುಕೊಂಡು ಒಂದನ್ನೊಂದು ಎಳೆಯುತ್ತವೆ, ಕರುಳು ತೂತಾಗುತ್ತದೆ. ಸೆಲ್ ಸಿಗುವವರೆಗೆ ನಾನು ಪಟ್ಟ ಪಾಡು ನಿಮ್ಮ ಡಬ್ಬಿಯ ಕಥೆಯಲ್ಲಿ ಬರುವುದಿಲ್ಲ. ಬಿಚ್ಚಿದ ಗೊಂಬೆ ಮತ್ತೆ ಹಾಡಲಿಲ್ಲ, ಅದನ್ನು ಕೊಟ್ಟ ನಾದಿನಿ ಇವತ್ತಿಗೂ ಮುನಿಸಿಕೊಂಡಿದ್ದಾಳೆ.

ಸೋದರಮಾವ:
ಅಮ್ಮಾ, ನಾನು ಕೊಟ್ಟು ಹೋಗಲಿಲ್ಲ, ಪಕ್ಕದಲ್ಲಿ ಕುಳಿತೆ. ಪ್ಲಗ್ ಇರುವ ಯಾವುದನ್ನೂ ಮುಟ್ಟಬಾರದು, ಪ್ಲಗ್ ಕಿತ್ತ ಮೇಲೂ ಕೆಲವು ಯಂತ್ರಗಳ ಒಳಗೆ ವಿದ್ಯುತ್ ಉಳಿದಿರುತ್ತದೆ ಎಂದು ಮೊದಲ ದಿನವೇ ಹೇಳಿಕೊಟ್ಟೆ. ನಿಮ್ಮ ತಮ್ಮ ಹೇಳಿಕೊಡದಿದ್ದರೆ ಅದು ಸ್ಕ್ರೂಡ್ರೈವರಿನ ತಪ್ಪೇ? ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಹಾಕುವುದೇ ಮಕ್ಕಳು ಬಿಚ್ಚದಿರಲಿ ಎಂದು. ದೊಡ್ಡವರು ಹತ್ತಿರ ಇರಬೇಕಿತ್ತು.

ಎರಡನೇ ತರಗತಿಯವನ ತಾಯಿ:
ಅಂದರೆ ನಾನು ಹತ್ತಿರ ಇರಲಿಲ್ಲ ಎನ್ನುತ್ತಿದ್ದೀರಿ. ಒಂದು ದಿನ ಪೂರ್ತಿ ಎರಡು ಮಕ್ಕಳನ್ನು ಒಬ್ಬರೇ ನೋಡಿಕೊಂಡು ಆಮೇಲೆ ಮಾತನಾಡಿ.

ಚಿಕ್ಕಮ್ಮ:
ದಯವಿಟ್ಟು ಜಗಳ ಬೇಡ. ಐದು ವರ್ಷದವನಿಗೆ ಇದೆಲ್ಲ ಹೆಚ್ಚಾಗುವುದಿಲ್ಲವೇ?

ಆಕಾಶ ನೋಡುವ ಹವ್ಯಾಸಿ:
ಟೆಲಿಸ್ಕೋಪಿನ ಆಸೆಗೆ ಮಾತ್ರ ಬೀಳಬೇಡಿ. ನನ್ನ ಮಗನಿಗೆ ಬಂದ ಪೆಟ್ಟಿಗೆಯ ಮೇಲೆ 525 ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಬರೆದಿತ್ತು. ಮುಂದಿನ ಮಸೂರ ಬರೀ 60 ಮಿ.ಮೀ. ಮಸೂರದ ಅಗಲಕ್ಕೆ ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಸುಮಾರಾಗಿ ಮಿತಿ. ಅಂದರೆ 120 ದಾಟಿದರೆ ಕಾಣುವುದು ಮಂಜು ಮಾತ್ರ. ಕಾಲುಗಳು ಎಷ್ಟು ಸಡಿಲ ಎಂದರೆ ಮುಟ್ಟಿದ ಕೂಡಲೇ ಚಂದ್ರ ಕಣ್ಣಿನಿಂದ ಜಾರಿಹೋಗುತ್ತಿದ್ದ. ಮಗ ಅತ್ತು ಮಲಗಿದ. ಆಕಾಶದ ಮೇಲಿನ ಅವನ ಆಸೆಯನ್ನೇ ಆ ಪೆಟ್ಟಿಗೆ ಕೊಂದಿತು ಎಂಬ ಸಿಟ್ಟು ನನಗೆ ಇನ್ನೂ ಇದೆ.

ಆಮೇಲೆ ಯಾರೋ ಬಳಸಿಬಿಟ್ಟ 8×40 ಬೈನಾಕ್ಯುಲರ್ ಕೊಂಡೆ. ಎಂಟು ಪಟ್ಟು, 40 ಮಿ.ಮೀ. ಮಸೂರ, ಅಷ್ಟು ಸಾಕು. ಗೋಡೆಗೆ ಮೊಣಕೈ ಊರಿ ಅಲುಗದಂತೆ ಹಿಡಿದರೆ ಗುರುವಿನ ಪಕ್ಕ ಚುಕ್ಕಿಗಳಂತೆ ಅದರ ಚಂದ್ರರು ಕಾಣುತ್ತಾರೆ. 1610ರಲ್ಲಿ ಗೆಲಿಲಿಯೊ ಕಂಡ ಆ ನಾಲ್ಕೇ ಚಂದ್ರರು ಅವು. ಮರುದಿನ ಅವು ಜಾಗ ಬದಲಿಸಿದ್ದನ್ನು ಮಗನೇ ಕಂಡುಹಿಡಿದು ಮನೆಯವರನ್ನೆಲ್ಲ ಎಬ್ಬಿಸಿದ. ಸೂರ್ಯನ ಕಡೆಗೆ ಮಾತ್ರ ಎಂದೂ ತಿರುಗಿಸಕೂಡದು, ಕಣ್ಣು ಹೋಗುತ್ತದೆ. ಐದು ವರ್ಷದವನ ಕಣ್ಣುಗಳ ನಡುವಿನ ಅಂತರ ಕಡಿಮೆ, ದೊಡ್ಡವರ ಬೈನಾಕ್ಯುಲರ್ ಹೊಂದುವುದಿಲ್ಲ. ಅವನಿಗೆ ಹಿಡಿ ಇರುವ ಒಂದು ಭೂತಗನ್ನಡಿ ಕೊಡಿ. ಅದರಿಂದಲೂ ಸೂರ್ಯನನ್ನು ನೋಡಬಾರದು. ಬಿಸಿಲು ಹಾಯ್ದರೆ ಕಾಗದ ಹೊತ್ತಿಕೊಳ್ಳುತ್ತದೆ, ಹಾಗಾಗಿ ಕಿಟಕಿಯ ಬಳಿ ಇಟ್ಟು ಹೋಗಬಾರದು.

ಒಬ್ಬ ಅಜ್ಜಿ:
ಏನನ್ನೂ ಕೊಡಬೇಡಿ, ಇರುವುದರಲ್ಲಿ ಅರ್ಧವನ್ನು ಎತ್ತಿಡಿ. ನಾನು ಮೊಮ್ಮಗನ ಆಟಿಕೆಗಳನ್ನು ಮೂರು ಚೀಲ ಮಾಡಿ ಎರಡನ್ನು ಅಟ್ಟಕ್ಕೆ ಏರಿಸಿದೆ. ತಿಂಗಳು ಕಳೆದು ಒಂದು ಚೀಲ ಇಳಿಸಿದರೆ ಹೊಸದು ಬಂದಷ್ಟೇ ಸಂತೋಷ. ಇದು ನನ್ನ ಮಾತು ಮಾತ್ರವಲ್ಲ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಮಕ್ಕಳನ್ನು ಒಮ್ಮೆ 4 ಆಟಿಕೆಗಳ ಜೊತೆ, ಇನ್ನೊಮ್ಮೆ 16ರ ಜೊತೆ ಆಡಲು ಬಿಟ್ಟು ನೋಡಿ, 2018ರಲ್ಲಿ ಪ್ರಕಟಿಸಿದ್ದಾರೆ. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು.

ಹೆಸರು ಬೇಡ ಎಂದ ಸೊಸೆ:
ಆ ಮಕ್ಕಳಿಗೆ ಒಂದೂವರೆಯಿಂದ ಎರಡೂವರೆ ವರ್ಷ. ಎಂಟು ವರ್ಷದವನಿಗೆ ಅದನ್ನು ಅನ್ವಯಿಸಿದರೆ ಹೇಗೆ? ಇನ್ನೊಂದು ಮಾತು. ನನ್ನ ಅತ್ತೆಯೂ ಹೀಗೆ ಕೇಳದೆಯೇ ಚೀಲ ಕಟ್ಟಿ ಏರಿಸಿದರು. ಮಗ ಅರ್ಧ ಕಟ್ಟಿದ್ದ ಕೋಟೆಯ ತುಂಡುಗಳೂ ಅದರೊಳಗೆ ಹೋದವು. ಇಳಿಸಿದಾಗ ಎರಡು ಸೆಟ್ಟುಗಳು ಬೆರೆತಿದ್ದವು, ಅಳತೆ ಬೇರೆಯಾದ್ದರಿಂದ ಕೂಡಲಿಲ್ಲ. ಬೇರ್ಪಡಿಸಿದವಳು ನಾನು. ಆಟಿಕೆ ಮಗುವಿನದು, ಎತ್ತಿಡುವ ಮುನ್ನ ಅವನನ್ನು ಕೇಳಬೇಕು.

ಒಬ್ಬ ಅಜ್ಜಿ:
ನಾನು ಕೇಳಿಯೇ ಎತ್ತಿಟ್ಟೆ. ನಿಮ್ಮ ಮನೆಯ ಕೋಪವನ್ನು ನನ್ನ ಮೇಲೆ ತೀರಿಸಿಕೊಳ್ಳಬೇಡಿ.

ಇಬ್ಬರು ಹುಡುಗರ ಅಪ್ಪ:
ಮಾವನವರೇ, ನಿಮ್ಮ ಟಾರ್ಚಿಗೆ ಸೆಲ್ ಬೇಡವೇ? ರಾತ್ರಿಯೆಲ್ಲ ಹೊದಿಕೆಯೊಳಗೆ ಉರಿಸುತ್ತಾರೆ. ನಾನು ಹೇಳಿದ್ದು ಅದನ್ನೇ.

ಆಕಾಶ ನೋಡುವ ಹವ್ಯಾಸಿ:
ಚಾರ್ಜ್ ಮಾಡುವ ಸೆಲ್ ಹಾಕಿದರೆ ಮುಗಿಯಿತಲ್ಲ.

ಇಬ್ಬರು ಹುಡುಗರ ಅಪ್ಪ:
ಅದರಲ್ಲಿ 1.2 ವೋಲ್ಟ್ ಮಾತ್ರ, ಸಾಮಾನ್ಯ ಸೆಲ್ಲಿನಲ್ಲಿ 1.5. ಕಾರು ಓಡುವುದಿಲ್ಲ ಎಂದು ಅಂಗಡಿಯವನೇ ಹೇಳಿದ.

ಆಕಾಶ ನೋಡುವ ಹವ್ಯಾಸಿ:
ಅಂಗಡಿಯವನಿಗೆ ಸೆಲ್ ಮಾರಬೇಕು. 1.5 ಎಂಬುದು ಹೊಸದಿದ್ದಾಗ ಮಾತ್ರ, ಮೋಟಾರು ಎಳೆಯತೊಡಗಿದರೆ ಬೇಗ ಇಳಿಯುತ್ತದೆ. ನಿಕ್ಕಲ್ ಮೆಟಲ್ ಹೈಡ್ರೈಡ್ ಎಂಬ ಚಾರ್ಜ್ ಮಾಡುವ ಸೆಲ್ 1.2ರ ಹತ್ತಿರವೇ ಬಹಳ ಹೊತ್ತು ನಿಲ್ಲುತ್ತದೆ, ಮೋಟಾರಿನ ಆಟಿಕೆಗೆ ಅದೇ ವಾಸಿ. ಹಳೆಯದು ಹೊಸದು ಬೆರೆಸಬೇಡಿ, ಸೋರುತ್ತವೆ.

ಇಬ್ಬರು ಹುಡುಗರ ಅಪ್ಪ:
ಚಾರ್ಜರಿನ ಹಣ ಯಾರು ಕೊಡುತ್ತಾರೆ? ನೀವೇ?

ಎರಡನೇ ತರಗತಿಯವನ ತಾಯಿ:
ಯಾರಾದರೂ ನನಗೆ ಚಾರ್ಜರು, ನಾಲ್ಕು ಸೆಲ್ ಉಡುಗೊರೆ ಕೊಟ್ಟರೆ ಕೈ ಮುಗಿಯುತ್ತೇನೆ. ನಮ್ಮ ಮನೆಯಲ್ಲಿ ಬುಟ್ಟಿ ತುಂಬ ಸತ್ತ ಗಾಡಿಗಳಿವೆ. ಕೇಳಿದವರೇ, ನಿಮ್ಮ ಅಕ್ಕನ ಮನೆಯಲ್ಲೂ ಇರುತ್ತವೆ, ಒಮ್ಮೆ ವಿಚಾರಿಸಿ. ಆದರೆ ಗುಂಡಿ ಸೆಲ್ ಇರುವುದನ್ನು ಮಾತ್ರ ಎಬ್ಬಿಸಬೇಡಿ.

ಇಬ್ಬರು ಹುಡುಗರ ಅಪ್ಪ:
ಪಂಪಿಗೆ ಅದೂ ಬೇಕಿಲ್ಲ.